ಮೂಗು ಹಿಡಿದು ಕುಡಿಯುವವರು

ನಮ್ಮ ಹಳಿಯಾಳ ಸೀಮೆಯಲ್ಲಿ ಕುಡಿಯುವವರಿಗೆ ಕೊರತೆಯಿಲ್ಲ. ಆದರೆ ಕುಡಿದದ್ದರ ರುಚಿ ಹೇಗಿತ್ತು ಎಂದು ಕೇಳಿ ನೋಡಿ, ಹೇಳುವ ಗಂಡಸು ಒಬ್ಬನೂ ಸಿಗುವುದಿಲ್ಲ. ಸಿಗುವುದಾದರೂ ಹೇಗೆ? ನಮ್ಮ ಮಂದಿ ಕುಡಿಯುವುದೇ ಮೂಗು ಹಿಡಿದುಕೊಂಡು. ಎಡಗೈಯ ಎರಡು ಬೆರಳಿನಿಂದ ಮೂಗು ಒತ್ತಿ, ಕಣ್ಣು ಮುಚ್ಚಿ, ಕತ್ತು ಹಿಂದಕ್ಕೆ ಚೆಲ್ಲಿ, ಗ್ಲಾಸಿನಲ್ಲಿದ್ದುದನ್ನು ಒಂದೇ ಏಟಿಗೆ ಗಂಟಲಿಗೆ ಸುರಿದುಕೊಳ್ಳುತ್ತಾರೆ. ಸಣ್ಣವರಿದ್ದಾಗ ನಮಗೆ ಹರಳೆಣ್ಣೆ ಕುಡಿಸುತ್ತಿದ್ದರಲ್ಲ, ಹಾಗೆ. ಆಮೇಲೆ ಮುಖ ಕಿವುಚಿಕೊಂಡು ಒಂದು ಹಿಡಿ ಶೇಂಗಾ ಬಾಯಿಗೆ ಹಾಕುತ್ತಾರೆ. ಇಷ್ಟು ಕಷ್ಟಪಟ್ಟು ಯಾಕೆ ಕುಡಿಯಬೇಕು ಎಂದು ಕೇಳಿದರೆ ನನ್ನನ್ನೇ ಹುಚ್ಚನಂತೆ ನೋಡುತ್ತಾರೆ.

ಇದಕ್ಕೊಂದು ಕಾರಣವಿದೆ. ನಮ್ಮದು ಲಿಂಗವಂತರ ಮನೆತನ. ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗ, ಬಾಗಿಲಲ್ಲಿ ಹೆಂಗಸರ ಕಾವಲು. ಹೆಂಡ ಹೊಸ್ತಿಲು ದಾಟುವಂತಿಲ್ಲ. ಹಾಗಾಗಿ ಕುಡಿಯುವವರೆಲ್ಲ ಕುಡಿಯುವುದು ಕಬ್ಬಿನ ಹೊಲದ ಮೋಟರ್ ಮನೆಯಲ್ಲಿ, ಬಾಟಲಿ ಇರುವುದು ಗೊಬ್ಬರದ ಚೀಲದೊಳಗೆ. ಮನೆಗೆ ಹೋದಾಗ ವಾಸನೆ ಬರಬಾರದು. ವಾಸನೆ ಬರಬಾರದೆಂದರೆ ಅದು ನಾಲಿಗೆಗೆ ತಾಕಬಾರದು, ಮೂಗಿಗೆ ಹತ್ತಬಾರದು. ಕುಡಿಯುವವನ ಮೂಗಿಗೆ ಹತ್ತದ ವಾಸನೆ ಹೆಂಡತಿಯ ಮೂಗಿಗೂ ಹತ್ತುವುದಿಲ್ಲ ಎಂದು ಇವರ ಲೆಕ್ಕ. ಯಾವ ಪುಣ್ಯಾತ್ಮ ಇದನ್ನು ಕಂಡುಹಿಡಿದನೋ ಗೊತ್ತಿಲ್ಲ, ಊರಿಗೆ ಊರೇ ನಂಬಿಕೊಂಡು ಕೂತಿದೆ. ಕಡೆಗೆ ಎರಡು ಯಾಲಕ್ಕಿ ಅಗಿದು ಮನೆ ಕಡೆ ನಡೆಯುವುದು. ನಮ್ಮ ಕಡೆಯ ಹೆಂಗಸರಿಗೆ ಗಂಡನ ಬಾಯಲ್ಲಿ ಯಾಲಕ್ಕಿ ವಾಸನೆ ಬಂದರೆ ಸಾಕು, ಬೇರೆ ಸಾಕ್ಷಿ ಬೇಕಾಗಿಲ್ಲ. ಅದು ಗಂಡಸರನ್ನು ಬಿಟ್ಟು ಎಲ್ಲರಿಗೂ ಗೊತ್ತು.

ನಾನೂ ಹಾಗೆಯೇ ಮೂಗು ಹಿಡಿದು ಕುಡಿಯುತ್ತಿದ್ದವನು. ಹೋದ ವರ್ಷದ ಮಳೆಗಾಲದವರೆಗೆ.

ನಾನು ಹಳಿಯಾಳದಲ್ಲಿದ್ದುಕೊಂಡು ದಾಂಡೇಲಿ, ಜೋಯಿಡಾ ಕಡೆಯ ರೆಸಾರ್ಟುಗಳಿಗೆ ಕಾಯಿಪಲ್ಲೆ, ಹಾಲು, ಬೆಲ್ಲ ಮುಟ್ಟಿಸುವ ಕೆಲಸ ಮಾಡುತ್ತೇನೆ. ಜೋಯಿಡಾದ ಹತ್ತಿರದ ಒಂದು ರೆಸಾರ್ಟಿನ ಮ್ಯಾನೇಜರ್ ನನ್ನ ಶಾಲೆಯ ಗೆಳೆಯ. ಹಳಿಯಾಳ ತಾಲೂಕಿನ ಸಿದ್ದಿ ಜನಾಂಗದವನು, ಗೋವಾದ ಹೋಟೆಲುಗಳಲ್ಲಿ ವರ್ಷಗಟ್ಟಲೆ ದುಡಿದು ತಿರುಗಿ ಬಂದವನು. ಮಳೆ ಹಿಡಿದರೆ ನದಿಯ ಆಟಗಳು ಬಂದ್, ರೆಸಾರ್ಟೂ ಖಾಲಿ. ಅಂಥ ಒಂದು ಮಧ್ಯಾಹ್ನ ತರಕಾರಿ ಇಳಿಸಿ ಹೊರಟವನನ್ನು ಅವನು ಪಡಸಾಲೆಯಲ್ಲಿ ಕೂರಿಸಿ, ಹೊಟ್ಟೆ ದಪ್ಪ, ಬಾಯಿ ಸಣ್ಣ ಇರುವ ಗ್ಲಾಸಿನಲ್ಲಿ ತಳ ಮುಚ್ಚುವಷ್ಟು ಏನೋ ಹಾಕಿ ಕೊಟ್ಟ. ಜೋನಿ ಬೆಲ್ಲದ, ಅಂದರೆ ನೀರು ಬೆಲ್ಲದ ಬಣ್ಣ. ನನ್ನ ಎಡಗೈ ತಾನಾಗಿ ಮೂಗಿಗೆ ಹೋಯಿತು. ಅವನು ಆ ಕೈಗೆ ಫಟ್ಟನೆ ಹೊಡೆದ.

"ಇದನ್ನ ಕುಡೀಬ್ಯಾಡ," ಅಂದ.

"ಮತ್ತ ಯಾಕ ಕೊಟ್ಟಿ?"

"ಮೊದ್ಲ ಮೂಸಿ ನೋಡು. ಆಮ್ಯಾಲ ತುಟಿಗೆ ಹಚ್ಚು. ಗಡಿಬಿಡಿ ಏನೈತಿ ನಿನಗ? ಮಳಿ ಏನ್ ಈಗ ನಿಲ್ಲೂದಿಲ್ಲ."

ರಮ್ಮಂತೆ. ಕಬ್ಬಿನ ಕಾಕಂಬಿಯಿಂದ ಇಳಿಸಿ, ಮರದ ಪೀಪಾಯಿಯಲ್ಲಿ ವರ್ಷಾನುಗಟ್ಟಲೆ ಕೂರಿಸಿಟ್ಟದ್ದು. ನೀರು ಹಾಕುವಂತಿಲ್ಲ, ಸೋಡಾ ಹಾಕುವಂತಿಲ್ಲ. ನನಗೆ ಮೊದಲು ಇವನು ಗೋವಾದ ದೊಡ್ಡಸ್ತಿಕೆ ತೋರಿಸುತ್ತಿದ್ದಾನೆ ಅನಿಸಿ ಸಿಟ್ಟೇ ಬಂತು. ಮೂಗು ಒಳಗಿಟ್ಟು ಎಳೆದರೆ ಘಾಟು ಹೊಡೆದು ಕಣ್ಣಲ್ಲಿ ನೀರು ಬಂತು. ಸ್ವಲ್ಪ ದೂರ ಹಿಡಿ ಅಂದ. ಹಿಡಿದೆ. ಕಳಿತ ಬಾಳೆಹಣ್ಣು ಬಂತು. ಸ್ವಲ್ಪ ತಡೆದು, ಹುರಿದ ಕೊಬ್ಬರಿ, ಒಣದ್ರಾಕ್ಷಿ, ಆಮೇಲೆ ಹಳೆಯ ಮರದ ಪೆಟ್ಟಿಗೆ ತೆರೆದಾಗ ಬರುವಂಥದ್ದೊಂದು. ತುಟಿಗೆ ಹಚ್ಚಿದೆ. ಸಿಹಿ. ನಾಲಿಗೆಯ ಮೇಲೆ ದಪ್ಪಗೆ ಹರಡಿ ಹಾಗೇ ಕೂತಿತು. ನುಂಗಿದ ಮೇಲೆ ಎದೆಯೊಳಗೆ ಸಣ್ಣ ಶಾಖ ಇಳಿಯಿತು, ಇಳಿದದ್ದರ ವಾಸನೆ ಒಳಗಿನಿಂದಲೇ ತಿರುಗಿ ಮೂಗಿಗೆ ಬಂತು.

ಅದು ನನ್ನ ಅಪ್ಪನ ಗಾಣದ ವಾಸನೆ.

ಅಪ್ಪನದು ಬೆಲ್ಲದ ಗಾಣವಿತ್ತು. ನಾನು ಇನ್ನೂ ಕನ್ನಡ ಶಾಲೆಯಲ್ಲಿರುವಾಗಲೇ ಅವನು ತೀರಿಕೊಂಡ. ಅಣ್ಣ ನನಗಿಂತ ತುಂಬ ದೊಡ್ಡವನು, ಅಪ್ಪನ ಜೊತೆ ಗಾಣ ನಡೆಸಿದವನು. ಅವನ ಹತ್ತಿರ ಅಪ್ಪನ ಮಾತು, ಬೈಗಳು, ಹೊಡೆತ ಎಲ್ಲ ಇದೆ. ನನ್ನ ಹತ್ತಿರ ಇರುವುದು ಒಂದೇ. ಚಳಿಗಾಲದ ಸಂಜೆ ಗಾಣದ ಕಡೆ ಓಡಿ ಹೋಗುತ್ತಿದ್ದೆ, ಕೊಪ್ಪರಿಗೆಯ ಪಕ್ಕ ಕೂತ ಅಪ್ಪ ನನ್ನನ್ನು ತೊಡೆಯ ಮೇಲೆ ಹತ್ತಿಸಿಕೊಂಡು, ಎಲೆಯ ಮೇಲಿನ ಬಿಸಿ ಬೆಲ್ಲವನ್ನು ಊದಿ ಊದಿ ಆರಿಸಿ ಬಾಯಿಗಿಡುತ್ತಿದ್ದ. ಮುಖ ಸರಿಯಾಗಿ ನೆನಪಿಲ್ಲ. ಮನೆಯಲ್ಲಿರುವ ಫೋಟೋದಲ್ಲಿ ಅವನು ಪೋಲೀಸ್ ಠಾಣೆಯಲ್ಲಿ ನಿಂತವನ ಹಾಗೆ ಬಿಗಿದುಕೊಂಡಿದ್ದಾನೆ. ಅವನು ಊದಿದಾಗ ನನ್ನ ಮುಖಕ್ಕೆ ಬಡಿಯುತ್ತಿದ್ದ ಆ ಸಿಹಿ ಬಿಸಿ ವಾಸನೆ ಮಾತ್ರ ನನ್ನದು. ಅದು ಮತ್ತೆ ಸಿಕ್ಕಿತ್ತು, ಜೋಯಿಡಾದ ಒಂದು ಗ್ಲಾಸಿನಲ್ಲಿ.

ಸಿಕ್ಕಿತು ಎಂದು ಸುಮ್ಮನಿರುವ ಸ್ವಭಾವ ನನ್ನದಲ್ಲ. ನಿಜವಾಗಿ ಅದೇನಾ, ಇಲ್ಲ ವಯಸ್ಸಾಗುತ್ತ ನನ್ನ ತಲೆ ತನಗೆ ಬೇಕಾದ್ದನ್ನು ಕಟ್ಟಿಕೊಳ್ಳುತ್ತಿದೆಯಾ ಎಂದು ಕೊರೆಯತೊಡಗಿತು. ಆ ಚಳಿಗಾಲ ಮಳಗಿಯ ಕಡೆ ಇನ್ನೂ ಗಾಣ ಹಚ್ಚುವವರಿದ್ದಾರೆ ಎಂದು ಕೇಳಿ, ಕೆಲಸ ಬಿಟ್ಟು ಅಲ್ಲಿಗೆ ಹೋದೆ. ಕೊಪ್ಪರಿಗೆಯ ಪಕ್ಕ ಕೂತೆ. ಪಾಕ ಬಂತು, ಹೊಗೆ ಬಂತು, ಒದ್ದೆ ಕಬ್ಬಿನ ಸಿಪ್ಪೆ ಉರಿಯುವ ವಾಸನೆಯೂ ಬಂತು. ಅರ್ಧ ಸರಿ ಇತ್ತು. ಇನ್ನರ್ಧ ಇರಲಿಲ್ಲ. ಕಬ್ಬಿನ ತಳಿ ಬೇರೆಯೇ, ಮಣ್ಣು ಬೇರೆಯೇ ಎಂದೆಲ್ಲ ಕೇಳಿದೆ. ಗಾಣದವರು ಪಾಪ, ಇವನು ಬೆಲ್ಲ ಕೊಳ್ಳಲು ಬಂದು ಕೊಂಕು ತೆಗೆಯುತ್ತಿದ್ದಾನೆ ಎಂದು ಬೇಜಾರು ಮಾಡಿಕೊಂಡರು. ನಾನು ಬೇಡದ ಬೆಲ್ಲವನ್ನು ಹೊತ್ತುಕೊಂಡು ಮನೆಗೆ ಬಂದೆ.

ಉಳಿದದ್ದು ಅಣ್ಣ. ಆ ಗಾಣದ ವಾಸನೆ ಗೊತ್ತಿರುವ ಮನುಷ್ಯ ಭೂಮಿಯ ಮೇಲೆ ಅವನೊಬ್ಬನೇ. ಊರಿಗೆ ಹೋಗಿ ಕೇಳಿದೆ.

"ಅಣ್ಣಾ, ಅಪ್ಪನ ಗಾಣದಾಗ ಒಂದ್ ನಮೂನಿ ವಾಸನಿ ಬರ್ತಿತ್ತಲ, ನೆನಪೈತೇನ?"

"ಬೆಲ್ಲದ ವಾಸನಿ. ಗಾಣದಾಗ ಮತ್ತೇನ ಅತ್ತರಿನ ವಾಸನಿ ಬರ್ತೈತೇನ?"

"ಬರೇ ಬೆಲ್ಲದ್ದಲ್ಲೋ. ಬ್ಯಾರೆ ಏನೋ ಇತ್ತು."

"ಏನೂ ಇರ್ಲಿಲ್ಲ," ಅಂದು ಎದ್ದು ದನದ ಕೊಟ್ಟಿಗೆಗೆ ಹೋದ. ಅವನ ಸ್ವಭಾವವೇ ಅಷ್ಟು. ಬಾಯಿಯಿಂದ ಮಾತು ತೆಗೆಯುವುದೆಂದರೆ ಬಾವಿಗೆ ಬಿದ್ದ ಕೊಡ ತೆಗೆದಂತೆ. ಇವನನ್ನು ಕೇಳಿ ಪ್ರಯೋಜನವಿಲ್ಲ, ಆ ರಮ್ಮನ್ನೇ ಮೂಗಿನ ಕೆಳಗೆ ಹಿಡಿಯಬೇಕು ಎಂದು ನಿಶ್ಚಯಿಸಿದೆ. ಗೆಳೆಯನಿಗೆ ಗಂಟುಬಿದ್ದೆ. ನಾಳೆ ತರ್ತೇನಿ, ಬರೂ ತಿಂಗಳ ತರ್ತೇನಿ ಎನ್ನುತ್ತ ಅವನು ಇನ್ನೊಂದು ಮಳೆಗಾಲ ಬರುವವರೆಗೆ ಸತಾಯಿಸಿ, ಕಡೆಗೂ ಗೋವಾದಿಂದ ಪರವಾನಗಿ ಕಾಗದ ಸಮೇತ ಒಂದು ಬಾಟಲಿ ತಂದುಕೊಟ್ಟ. ತಂದದ್ದು ಯಾವತ್ತು? ನಾಗರ ಅಮಾವಾಸ್ಯೆಯ ಹಿಂದಿನ ದಿನ.

ಈ ಅಮಾವಾಸ್ಯೆ ಮುಗಿದರೆ ಶ್ರಾವಣ. ಶ್ರಾವಣದಲ್ಲಿ ನಮ್ಮ ಕಡೆಯ ಎಂಥ ಕುಡುಕನೂ ಮುಟ್ಟುವುದಿಲ್ಲ. ಹಾಗಾಗಿ ಇರುವುದನ್ನೆಲ್ಲ ಅಮಾವಾಸ್ಯೆಯ ದಿನವೇ ಖಾಲಿ ಮಾಡುವುದು ಪದ್ಧತಿ. ಗಡಿಯಾಚೆಯ ಮರಾಠಿಯವರು ಅದಕ್ಕೆ ಗಟಾರಿ ಅಮಾವಾಸ್ಯೆ ಎಂದು ಹೆಸರೇ ಇಟ್ಟಿದ್ದಾರೆ. ಇದು ಸಾಲದು ಎಂಬಂತೆ ಅಣ್ಣನದು ಇನ್ನೊಂದು. ಸಕ್ಕರೆ ಕಾಯಿಲೆ, ಅದರ ಮೇಲೆ ಲಿವರ್ ಊದಿದೆ, ಇನ್ನು ಕುಡಿಯಕೂಡದು ಎಂದು ಹುಬ್ಬಳ್ಳಿಯ ಡಾಕ್ಟರು ಖಡಕ್ಕಾಗಿ ಹೇಳಿದ್ದರು. ವೈನಿ, ಅಂದರೆ ಅಣ್ಣನ ಹೆಂಡತಿ, ಡಾಕ್ಟರ ಮಾತಿಗಷ್ಟೇ ಬಿಡುವವಳಲ್ಲ. ಶ್ರಾವಣದ ಮೊದಲ ದಿನ ಉಳವಿಗೆ ಕರೆದುಕೊಂಡು ಹೋಗಿ, ಶರಣರ ಗದ್ದಿಗೆ ಮುಟ್ಟಿಸಿ, ಸಾಯುವತನಕ ಕುಡಿಯುವುದಿಲ್ಲ ಎಂದು ಆಣೆ ಮಾಡಿಸುವುದೆಂದು ಗೊತ್ತು ಮಾಡಿದ್ದಳು. ಗಾಡಿ ನನ್ನದೇ. ಅಣ್ಣ ಡಾಕ್ಟರಿಗೆ ಸುಳ್ಳು ಹೇಳಿಯಾನು, ಉಳವಿಯಲ್ಲಿ ಕೊಟ್ಟ ಮಾತಿಗೆ ತಪ್ಪುವವನಲ್ಲ. ನನಗಿದ್ದದ್ದು ಆ ಒಂದು ದಿನ, ಒಂದು ಗುಟುಕು.

ಅಮಾವಾಸ್ಯೆಯ ದಿನ ಹೊಲದ ಕೆಲಸವಿಲ್ಲ. ಊಟವಾದ ಮೇಲೆ ಬಾಟಲಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೋಟರ್ ಮನೆಗೆ ಹೋದೆ. ಅಣ್ಣ ಒಬ್ಬನೇ ಇರುತ್ತಾನೆ ಅಂದುಕೊಂಡಿದ್ದೆ. ಅವನ ಜೊತೆ ಗೊಬ್ಬರದ ಅಂಗಡಿಯವನೂ ಕೂತಿದ್ದ, ಮಿರ್ಚಿ ಭಜಿ, ಶೇಂಗಾ, ದೊಡ್ಡ ಬಾಟಲಿ ಕಪ್ಪು ಸೋಡಾ ಸಮೇತ.

"ಬರ್ರಿ ಬರ್ರಿ," ಅಂದ ಅಂಗಡಿಯವನು. "ಸಂಜಿಗೆ ಅಮಾಸಿ ಮುಗೀತೈತಿ. ಅಷ್ಟ್ರಾಗ ಎಲ್ಲಾ ಮುಗಸ್ಬೇಕು."

"ಇದು ಮುಗಸೂದಲ್ರಿ," ಅಂದೆ. "ಇದನ್ನ ಸಾವಕಾಶ ತಗೋಬೇಕು. ಎಷ್ಟೋ ವರ್ಷ ಪೀಪಾಯಿದಾಗ ಕುಂತದ್ದಿದು."

"ಅಷ್ಟ ವರ್ಷ ಕುಂತೈತೆಂದ್ರ ಇನ್ನಾ ಯಾಕ ಕಾಯಿಸ್ತೀರಿ ಅದನ್ನ?"

ಇಂಥವರಿಗೆ ಏನು ಹೇಳುವುದು? ಗ್ಲಾಸೂ ಇರಲಿಲ್ಲ, ಸ್ಟೀಲಿನ ಲೋಟ. ಅಣ್ಣನ ಲೋಟಕ್ಕೆ ಒಂದು ಗುಟುಕಿನಷ್ಟು ಹಾಕಿ, ಅವನ ಮುಂದೆ ಕೂತು, ಮಗುವಿಗೆ ಹೇಳಿದಂತೆ ಹೇಳಿದೆ. ಮೂಗು ಹಿಡಿಯಬೇಡ. ಮೊದಲು ವಾಸನೆ ನೋಡು. ನಾಲಿಗೆಯ ಮೇಲೆ ಇಟ್ಟುಕೋ. ಏನು ಬರುತ್ತದೆ ಹೇಳು. ಅಣ್ಣ ಹೂಂ ಹೂಂ ಅಂದ. ಲೋಟ ಎತ್ತಿದ. ಎತ್ತಿದ ಕೂಡಲೇ ಎಡಗೈ ಬಂದು ಮೂಗು ಹಿಡಿಯಿತು, ಕತ್ತು ಹಿಂದಕ್ಕೆ ಬಿತ್ತು, ಆಗಿಹೋಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಯಾಲಕ್ಕಿ ಅವನ ಬಾಯಲ್ಲಿತ್ತು.

"ಹೆಂಗನಿಸ್ತು?" ಅಂದೆ.

"ಚಲೋ ಐತಿ. ಬೆಚ್ಚಗ ಐತಿ."

"ಮೂಗ ಹಿಡೀಬ್ಯಾಡ ಅಂದಿದ್ನಲ್ಲೋ ಅಣ್ಣಾ."

"ಮೂಗ ಬಿಟ್ರ ಇಳಿಯೂದಿಲ್ಲೋ. ಕೈ ತಾನ ಬರ್ತೈತಿ, ನಾ ಏನ್ ಮಾಡ್ಲಿ?"

ಇನ್ನೊಮ್ಮೆ ಹಾಕಿದೆ, ಡಾಕ್ಟರಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ, ಹನಿಸಿದಷ್ಟೇ. ಬಾಯಲ್ಲಿದ್ದ ಯಾಲಕ್ಕಿ ಉಗುಳಿಸಿದೆ. ಈ ಸಲ ಅವನ ಎಡಗೈಯನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡೆ. ಅವನು ಕೆರೆಗೆ ಹಾರುವವನಂತೆ ಉಸಿರು ಕಟ್ಟಿ, ಕಣ್ಣು ಮುಚ್ಚಿ ನುಂಗಿಬಿಟ್ಟ. ಉಸಿರು ಬಿಟ್ಟದ್ದು ಶೇಂಗಾ ಬಾಯಿಗೆ ಬಿದ್ದ ಮೇಲೆ. ಅಷ್ಟರಲ್ಲಿ ಅಂಗಡಿಯವನು ತನ್ನ ಲೋಟದ ರಮ್ಮಿಗೆ ಕಪ್ಪು ಸೋಡಾ ತುಂಬಿಸಿ, ಕುಡಿದು, ಇದರಲ್ಲೇನೂ ಖದರಿಲ್ಲ, ಕೆಮ್ಮಿನ ಔಷಧದ ಹಾಗೆ ಸಿಹಿ ಇದೆ ಎಂದು ಮುಖ ಸೊಟ್ಟ ಮಾಡಿದ. ಸೊಟ್ಟ ಮಾಡಿಕೊಂಡೇ ಮತ್ತೆ ಸುರುವಿಕೊಂಡ.

ನನಗೆ ಮೈ ಪರಚಿಕೊಳ್ಳುವಂತಾಯಿತು. ಇಬ್ಬರಿಗೂ ಬಾಯಿಗೆ ಬಂದದ್ದು ಅಂದು, ಮಳೆಯಲ್ಲೇ ಎದ್ದು ಕಬ್ಬಿನ ಬದುವಿಗೆ ಹೋಗಿ ನಿಂತೆ. ಬಾಟಲಿಗಾಗಿ ಸಿಟ್ಟಲ್ಲ. ಅಪ್ಪನ ಬಗ್ಗೆ ನನಗಿದ್ದ ಒಂದೇ ಒಂದು ನೆನಪು ನಿಜವೋ ಸುಳ್ಳೋ ಎಂದು ಹೇಳಬಲ್ಲವನು ಮೂಗು ಮುಚ್ಚಿಕೊಂಡು ಕೂತಿದ್ದ, ನಾಳೆಯಿಂದ ಅವನು ಅದನ್ನು ಮುಟ್ಟುವ ಹಾಗೂ ಇಲ್ಲ. ಅಳು ಬಂತು. ಮಳೆ ಬರುತ್ತಿತ್ತು, ಯಾರಿಗೂ ಕಾಣಲಿಲ್ಲ.

ತಿರುಗಿ ಬಂದಾಗ ಬಾಟಲಿ ಖಾಲಿ. ಅಣ್ಣ ಮುಟ್ಟಿರಲಿಲ್ಲವಂತೆ, ಎಲ್ಲ ಅಂಗಡಿಯವನದೇ ಕಾರಭಾರ. ಶ್ರಾವಣ ಬರುವ ಮೊದಲು ಮುಗಿಸಿದೆವಲ್ಲ ಎಂದು ಅವನು ಕೆಲಸ ಪೂರೈಸಿದವರ ಸಮಾಧಾನದಲ್ಲಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ನಾನು ಬಾಟಲಿಗೆ ಬಿರಡೆ ಜಡಿದು, ಟವೆಲ್ಲಿನಲ್ಲಿ ಸುತ್ತಿ, ಗಾಡಿಯ ಸೀಟಿನ ಹಿಂದೆ ಎಸೆದೆ.

ಮರುದಿನ ಬೆಳಗ್ಗೆ ಉಳವಿ. ದಾರಿಯುದ್ದಕ್ಕೂ ನಾನು ಅಣ್ಣನ ಜೊತೆ ಮಾತಾಡಲಿಲ್ಲ, ಅವನು ಹೇಗೂ ಆಡುವವನಲ್ಲ, ಇಬ್ಬರ ಪಾಲಿನದನ್ನೂ ವೈನಿಯೇ ಆಡಿದಳು. ಅಣ್ಣ ಸ್ನಾನ ಮಾಡಿ, ಒದ್ದೆ ಪಂಚೆಯಲ್ಲೇ ಗದ್ದಿಗೆ ಮುಟ್ಟಿ ಆಣೆ ಮಾಡಿದ. ವೈನಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಊರಿಗೆ ವಾಪಸಾದೆವು.

ಸಾಮಾನು ಇಳಿಸುವಾಗ ವೈನಿಯ ಕೈಗೆ ಆ ಟವೆಲ್ಲು ಸಿಕ್ಕಿತು. ಬಿಚ್ಚಿ ನೋಡಿದಳು. ಇನ್ನೇನು ರಾಮಾಯಣ ಶುರುವಾಗುತ್ತದೆ ಎಂದು ನಾನು ಗಾಡಿಯ ಬಾಗಿಲ ಹಿಂದೆ ಸರಿದೆ. ಅವಳು ಬಾಟಲಿಯನ್ನು ತಿರುಗಿಸಿ ತಿರುಗಿಸಿ ನೋಡಿ, "ಗಾಜ ಎಷ್ಟ ಗಟ್ಟಿ ಐತಿ. ಕುಸುಬಿ ಎಣ್ಣಿ ಹಾಕಿಡಾಕ ಚಲೋ ಆಕ್ಕೈತಿ," ಅಂದು ಸೀದಾ ಬಚ್ಚಲಿಗೆ ನಡೆದಳು. ಜೀವಮಾನವಿಡೀ ಗಂಡಸರು ಹೊಸ್ತಿಲಾಚೆ ಅಡಗಿಸಿಟ್ಟ ಸರಕನ್ನು ಹಾಗೆ ಹೊಸ್ತಿಲು ದಾಟಿಸಿದವಳು ನಮ್ಮ ವೈನಿಯೇ.

ನಾನು ಹಿಂದೆಯೇ ಓಡಿದೆ. "ವೈನಿ, ತೊಳೀಬ್ಯಾಡ್ರಿ."

"ಯಾಕ? ನಿನಗ ಪೂಜಿಗೆ ಬೇಕೇನು?" ಕೈಯಲ್ಲಿ ಬೂದಿ ಹಿಡಿದಿದ್ದಳು. ಮೂಸುವುದಕ್ಕೆ ಬೇಕು ಎಂದು ಯಾವ ಬಾಯಿಂದ ಹೇಳುವುದು?

ಆಗ ಕಟ್ಟೆಯ ಮೇಲೆ ಕೂತಿದ್ದ ಅಣ್ಣ, "ತಾ ಇಲ್ಲಿ ಅದನ್ನ," ಅಂದ.

"ಆಣಿ ಮಾಡಿದ ಪಂಚಿ ಇನ್ನಾ ಒಣಗಿಲ್ಲ, ನಾಚಿಕಿ ಬರೂದಿಲ್ಲೇನ್ರಿ ನಿಮಗ?"

"ಕುಡಿಯೂದಿಲ್ಲ ಅಂತ ಆಣಿ ಮಾಡೇನಿ. ಮೂಸೂದಿಲ್ಲ ಅಂತ ಅಲ್ಲ. ಇವ ನಿನ್ನೀಲಿಂದ ಮಾರಿ ಉಬ್ಬಿಸ್ಕೊಂಡಾನ. ತಾ."

ವೈನಿ ಗೊಣಗುತ್ತ ಕೊಟ್ಟಳು. ಅಣ್ಣ ಬಿರಡೆ ಕಿತ್ತ. ಎರಡೂ ಕೈಯಲ್ಲಿ ಬಾಟಲಿ ಹಿಡಿದು ಮೂಗಿನ ಹತ್ತಿರ ತಂದ. ಎಡಗೈ ಮೂಗಿಗೆ ಹೋಗಲಿಲ್ಲ, ಹೋಗುವ ಅಗತ್ಯವೂ ಇರಲಿಲ್ಲ. ಕುಡಿಯುವುದಿಲ್ಲ ಎಂದಾದ ಮೇಲೆ ಯಾರಿಂದ ಏನು ಬಚ್ಚಿಡಬೇಕು? ಅವನು ಉದ್ದಕ್ಕೆ ಉಸಿರೆಳೆದ. ಬಿಟ್ಟ. ಇನ್ನೊಮ್ಮೆ ಎಳೆದ.

"ಅಪ್ಪ," ಅಂದ.

"ಹೌದಲ್ಲ?" ಅಂದೆ. "ಗಾಣದ ವಾಸನಿ ಹೌದಲ್ಲ?"

"ಗಾಣದ್ದಲ್ಲೋ. ಅಪ್ಪಂದು." ವೈನಿಯ ಕಡೆ ಒಮ್ಮೆ ನೋಡಿ, ಆಮೇಲೆ ನೆಲ ನೋಡುತ್ತ ಹೇಳಿದ. "ಗೋವಾದ ರಮ್ಮು. ಲಾರಿಯವರ ಕಡಿಂದ ನಾನ ತರಸ್ತಿದ್ದೆ. ಗಾಣ ಹಚ್ಚಿದಾಗ ಸಂಜೀಮುಂದ ಒಂದ್ ಬಟ್ಲಾಗ ಬಿಸಿ ಜೋನಿ ಹಾಕ್ಕೊಂಡು, ಅದರ ಮ್ಯಾಲ ಇದನ್ನ ಹನಿಸ್ಕೊಂಡು ಕುಂದರ್ತಿದ್ದ. ನೀ ಓಡಿ ಬರೂದ ಕಂಡ್ರ ಬಟ್ಲ ಸಿಪ್ಪಿಯೊಳಗ ಮುಚ್ಚಿಡ್ತಿದ್ದ. ಮುಚ್ಚಿಟ್ಟು ನಿನ್ನ ಎತ್ಕೋತಿದ್ದ."

ವೈನಿಯ ಕೈಯ ಬೂದಿ ಕೈಯಲ್ಲೇ ಇತ್ತು. ಮಾವನವರು ಎಂದರೆ ಅವಳಿಗೆ ಗೋಡೆಯ ಮೇಲಿನ ವಿಭೂತಿ ಹಚ್ಚಿದ ಫೋಟೋ.

ನನಗೆ ಮಾತ್ರ ಉರಿದುಹೋಯಿತು. ಮಳಗಿಗೆ ಹೋಗಿ ಪರರ ಬೆಲ್ಲಕ್ಕೆ ಹೆಸರಿಟ್ಟು ಬಂದದ್ದು, ಗೆಳೆಯನ ಕಾಲು ಹಿಡಿದದ್ದು, ಮಳೆಯಲ್ಲಿ ನಿಂತು ಅತ್ತದ್ದು. "ಹೋದ ವರ್ಷ ಕೇಳಿದಾಗ ಹೇಳಾಕ ಏನಾಗಿತ್ತೋ ನಿನಗ?"

"ನೀ ಬೆಲ್ಲ ಅಂತ ನೆನಪಿಟ್ಟಿದ್ದಿ. ನಾ ಯಾಕ ಕೆಡಸ್ಲಿ?"

ನಾನು ಕಟ್ಟೆಯ ಮೇಲೆ ಅವನ ಪಕ್ಕ ಕೂತು ಕೇಳಿದೆ, "ಅವನೂ ಮೂಗ ಹಿಡಕೊಂಡ ಕುಡೀತಿದ್ನೇನು?"

"ಏ ಇಲ್ಲೋ," ಅಂದ ಅಣ್ಣ. ಈ ಸಲ ನಕ್ಕ. "ಅವಂದು ಭಾಳ ಸಾವಕಾಶ. ಒಂದ್ ಗುಟುಕ ತಗೊಂಡ, ಕೊಪ್ಪರಿಗಿ ನೋಡ್ಕೋತ ಸುಮ್ನ ಕುಂದ್ರಾಂವ. ಒಂದ್ ಬಟ್ಲ ಮುಗಿಯೂದ್ರಾಗ ಪಾಕ ಬಂದಿರ್ತಿತ್ತು. ಕುಡಿಯೂದು ಗೊತ್ತಿದ್ದಂವ ಅವ ಒಬ್ಬನ."

ಎಣ್ಣೆಗೆ ಬೇರೆ ಬಾಟಲಿ ಹುಡುಕುವುದಾಯಿತು. ಈಗ ಆ ರಮ್ಮಿನ ಬಾಟಲಿ ಅಣ್ಣನ ಮನೆಯ ಗೋಡೆಯ ಮಾಡದಲ್ಲಿ, ಅಪ್ಪನ ಫೋಟೋದ ಕೆಳಗೇ ಇದೆ. ವೈನಿ ಅದರ ಮೈ ಮಾತ್ರ ಒರೆಸುತ್ತಾಳೆ. ನಾನು ಹೋದಾಗಲೊಮ್ಮೆ ಅಣ್ಣ ಅದನ್ನು ಕೆಳಗಿಳಿಸಿ, ಬಿರಡೆ ತೆಗೆದು, ಮೊದಲು ತಾನು ಮೂಸಿ ಆಮೇಲೆ ನನಗೆ ಕೊಡುತ್ತಾನೆ. ನಾನಿಲ್ಲದಾಗಲೂ ದಿನಾ ತೆಗೆಯುತ್ತಾನೆ ಎಂದು ವೈನಿ ಹೇಳುತ್ತಾಳೆ. ಹೀಗೆ ತೆಗೆಯುತ್ತ ಹೋದರೆ ಇದ್ದಬದ್ದ ವಾಸನೆಯೂ ಹಾರಿಹೋಗುತ್ತದೆ ಎಂದು ನಾನು ಬಡಕೊಳ್ಳುತ್ತೇನೆ, ಅವನು ಕೇಳುವುದಿಲ್ಲ. ಮೊನ್ನೆ ಹೋದಾಗ ನನ್ನ ಪಾಳಿ ಬರುವಷ್ಟರಲ್ಲಿ ಬರೀ ಗಾಜಿನ ವಾಸನೆ ಇತ್ತು. ಅಣ್ಣನಿಗೆ ಮಾತ್ರ ಇನ್ನೂ ಬರುತ್ತದಂತೆ.